ಲೆನ್ಸಮ್ಮ ಹಾಕದ ಸಹಿ

"ಅಮ್ಮಾ, ಲೆನ್ಸಮ್ಮ ಕಳ್ಳರಿಗೆ ಬಾಗಿಲು ತೆಗೆದುಬಿಟ್ರಂತೆ, ಹೌದಾ?"

ಐದು ವರ್ಷದ ಪುಟ್ಟಿ ಕೇಳಿದ್ದು ಬಟ್ಟೆ ಮಡಚುತ್ತಿದ್ದ ತನ್ನ ತಾಯಿಯನ್ನು. ಆದರೆ ಆ ಮಾತು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಮೇಲಿನ ಮನೆಯ ಲೆನ್ಸಮ್ಮನ ಕಿವಿಗೇ ಬಿತ್ತು. ತಾಯಿಗೆ ಮುಖ ಎಲ್ಲಿಡಲಿ ಅನ್ನಿಸಿತು. ಲೆನ್ಸಮ್ಮ ಮಾತ್ರ ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕೂತಳು.

"ಮೆಟ್ಟಿಲ ಮೇಲೆ ಆಗ್ಲೇ ಮಾತು ಶುರುವಾಯ್ತಾ ಪುಟ್ಟಿ? ಆಗ್ಲಿ. ಬಾಗಿಲು ತೆಗೆದ ಕೈ ಯಾರದು ಅಂತ ನಾನೂ ಹುಡುಕ್ತಿದೀನಿ."

ಕನ್ನಡಕದ ಗಾಜು ಅರೆಯುವ ಕಾರ್ಖಾನೆಯ ಮುಂದಿನ ಮೇಜು ಇಪ್ಪತ್ತೆರಡು ವರ್ಷಗಳಿಂದ ಅವಳದು. ಅಂಗಡಿಗಳಿಂದ ಆರ್ಡರ್ ಮೇಲ್‌ನಲ್ಲಿ ಬರುತ್ತದೆ. ಅವಳು ಪವರ್ ಓದಿ, ಚೀಟಿ ಪ್ರಿಂಟ್ ಮಾಡಿ, ಗಾಜು ಇಟ್ಟ ತಟ್ಟೆಗೆ ಅಂಟಿಸಿ ಒಳಗೆ ಕಳಿಸುತ್ತಾಳೆ. ಪ್ಲಸ್ ಹೋಗಿ ಮೈನಸ್ ಆದರೆ ಯಾರೋ ಕಂಡರಿಯದವರು ಮೆಟ್ಟಿಲು ಎಡವುತ್ತಾರೆಂದು ಪ್ರತಿ ಅಂಕಿಯ ಮೇಲೂ ಎರಡು ಸಲ ಬೆರಳಿಟ್ಟು ಓದುವವಳು. ಲೆನ್ಸಮ್ಮ ಎಂಬ ಹೆಸರು ಬಂದದ್ದೇ ಹಾಗೆ.

ಸೋಮವಾರ ಮಧ್ಯಾಹ್ನ ಒಂದೂಕಾಲಿಗೆ, ಹಳೆಯ ಅಂಗಡಿಯೊಂದರ ಹೆಸರಿನಲ್ಲಿ ಒಂದು ಮೇಲ್ ಬಂದಿತ್ತು: ತುರ್ತು ಆರ್ಡರ್, ಇಲ್ಲಿ ಒತ್ತಿ. ಯಾರೋ ಒತ್ತಿದರು. ಮರುದಿನ ಬೆಳಿಗ್ಗೆ ಎಲ್ಲ ಪರದೆಗಳ ಮೇಲೂ ಒಂದೇ ಕೆಂಪು ನೋಟಿಸು. ಕಡತಗಳಿಗೆ ಬೀಗ ಬಿದ್ದಿದೆ, ಹಣ ಕೊಟ್ಟರೆ ಕೀಲಿ. ಕಂಪ್ಯೂಟರ್ ನೋಡಿಕೊಳ್ಳುವವನು ಬಂದು ಪರೀಕ್ಷಿಸಿ, "ಲಾಗ್‌ನಲ್ಲಿ ಈಯಮ್ಮನ ಐಡಿ ಇದೆ," ಎಂದ. ಗುರುವಾರ ಮ್ಯಾನೇಜರ್ ಒಂದು ಕಾಗದ ಮುಂದಿಟ್ಟರು. 'ನನ್ನ ಅಜಾಗರೂಕತೆಯಿಂದ ಫಿಶಿಂಗ್ ಮೇಲ್ ತೆರೆದು, ಕಚೇರಿಗೆ ರ‍್ಯಾನ್ಸಮ್‌ವೇರ್ ನುಗ್ಗಲು ಕಾರಣಳಾಗಿದ್ದೇನೆ.' ಸಹಿ ಹಾಕಿದರೆ ಮೇಜು ಬಿಟ್ಟು ಡಬ್ಬಿ ಕಟ್ಟುವ ಕೆಲಸ. ಹಾಕದಿದ್ದರೆ ಮನೆ.

"ಇದ್ರಲ್ಲಿರೋ ಅರ್ಧ ಪದ ನನಗೆ ಗೊತ್ತಿಲ್ಲ," ಎಂದಳು ಲೆನ್ಸಮ್ಮ.

"ಅರ್ಥ ಕಟ್ಕೊಂಡು ಏನ್ಮಾಡ್ತೀರಿ? ಎಲ್ರೂ ಹಾಕೋ ಹಾಗೆ ಹಾಕಿ ಅತ್ಲಾಗೆ."

"ಕಣ್ಣಿನ ಪವರ್ರೂ ಹಾಗೇ ಹಾಕಿದ್ರೆ ನಿಮ್ಮ ಕಾರ್ಖಾನೆ ಯಾವತ್ತೋ ಮುಚ್ತಿತ್ತು."

ಕಾಗದ ಮಡಚಿ ರವಿಕೆಗೆ ಸಿಕ್ಕಿಸಿಕೊಂಡು ನೇರ ಇಲ್ಲಿಗೇ ಬಂದಿದ್ದಳು. ಪುಟ್ಟಿಯ ತಾಯಿ ಹೆರಿಗೆಗೆ ಮುಂಚೆ ಒಂದು ಕಚೇರಿಯಲ್ಲಿ ಕಂಪ್ಯೂಟರ್ ದೂರುಗಳಿಗೆ ಫೋನಿನಲ್ಲಿ ಉತ್ತರ ಹೇಳುತ್ತಿದ್ದವಳು.

"ಫಿಶಿಂಗ್ ಅಂದ್ರೆ ಗಾಳ ಹಾಕೋದು, ಅಕ್ಕ. ಪರಿಚಯದವರ ದನಿ ಮಾಡ್ಕೊಂಡು ಬಾಗಿಲು ಬಡೀತಾರೆ, ನಾವೇ ಚಿಲಕ ತೆಗೀತೀವಿ. ರ‍್ಯಾನ್ಸಮ್‌ವೇರ್ ಅಂದ್ರೆ, ಒಳಗೆ ಬಂದವರು ನಮ್ಮ ಬೀರುಗೆ ತಮ್ಮ ಬೀಗ ಜಡಿಯೋದು."

"ದುಡ್ಡು ಕೊಟ್ರೆ ತೆಗೀತಾರಾ?"

"ನಂಬೋ ಹಾಗಿಲ್ಲ."

"ಮತ್ತೆ ಫೈರ್‌ವಾಲ್ ಅಂತ ಒಂದು ಹಾಕ್ಸಿದೀವಿ ಅಂತ ಮ್ಯಾನೇಜರ್ ಮೆರೀತಿದ್ರಲ್ಲ?"

"ಅದು ಗೇಟಿನ ಕಾವಲುಗಾರ. ಒಳಗಿನವರೇ ಕರೆದ ನೆಂಟರನ್ನ ಅವನು ಸಾಮಾನ್ಯವಾಗಿ ತಡೆಯಲ್ಲ."

"ಸರಿ. ಈ ಲಾಗ್ ಅನ್ನೋದು?"

"ಹಾಜರಿ ಪುಸ್ತಕ. ಯಾವ ಐಡಿ, ಎಷ್ಟು ಹೊತ್ತಿಗೆ, ಏನು ಮಾಡ್ತು ಅಂತ ಬರ‍್ಕೊಳ್ಳುತ್ತೆ. ಕುರ್ಚಿ ಮೇಲೆ ಯಾರು ಕೂತಿದ್ರು ಅಂತ ನೋಡಲ್ಲ."

ಲೆನ್ಸಮ್ಮ ನೆಟ್ಟಗೆ ಕೂತಳು. ಒಂದೂಕಾಲಿಗೆ ಅವಳು ಟೆರೇಸಿನಲ್ಲಿ ಊಟ ಮಾಡುತ್ತಿರುತ್ತಾಳೆ. ಪ್ರಿಂಟರ್ ಇರುವುದು ಅವಳ ಕಂಪ್ಯೂಟರಿಗೆ ಮಾತ್ರ. ಚೀಟಿ ಬೇಕಾದ ಅರೆಯುವವರು, ಹೊಳಪು ಕೊಡುವವರು, ಡಬ್ಬಿ ಕಟ್ಟುವವರು ಎಲ್ಲ ಆಗ ಅವಳ ಕುರ್ಚಿಯಲ್ಲೇ ಕೂರುತ್ತಾರೆ. ಪರದೆಯ ಅಂಚಿಗೆ ಬಿಳಿ ಟೇಪು, ಅದರ ಮೇಲೆ ಅವಳದೇ ದುಂಡು ಅಕ್ಷರದಲ್ಲಿ ಪಾಸ್‌ವರ್ಡ್. ಊಟದ ಹೊತ್ತಿನಲ್ಲಿ ಕೆಲಸ ನಿಲ್ಲಬಾರದೆಂದು ಮ್ಯಾನೇಜರೇ ಅಂಟಿಸಲು ಹೇಳಿದ್ದರು.

"ಅಂದ್ರೆ ಕೀಲೀನ ಬಾಗಿಲಿಗೆ ನೇತುಹಾಕಿದ್ದು ನಾನೇ," ಎಂದಳು, ದನಿ ತಗ್ಗಿಸಿ.

"ಹಾಕಿ ಅಂದಿದ್ದು ಅವರು, ಅಕ್ಕ."

"ಅಂದಿದ್ದು ಅವರು, ಹಾಕಿದ್ದು ನಾನು. ಅಷ್ಟನ್ನ ಒಪ್ಕೋತೀನಿ. ಒತ್ತಿದ್ದು ನಾನಲ್ಲ. ಅದನ್ನ ಜಪ್ಪಯ್ಯ ಅಂದ್ರೂ ಒಪ್ಪಲ್ಲ."

ಅಲ್ಲಿಗೆ ಬಿಡಲಿಲ್ಲ. ಶುಕ್ರವಾರ ಸಂಜೆ ಮತ್ತೆ ಬಂದಳು. ಎರಡು ಹಂತದ ಪರಿಶೀಲನೆ ಅಂದರೆ ಪಾಸ್‌ವರ್ಡ್ ಜೊತೆಗೆ ತನ್ನ ಫೋನಿಗೆ ಬಂದ ಅಂಕಿಯನ್ನೂ ಹಾಕಬೇಕು ಎಂದು ತಿಳಿದಾಗ ತೊಡೆ ತಟ್ಟಿದಳು. "ಅದೊಂದು ಇದ್ದಿದ್ರೆ ಅವತ್ತು ಬುತ್ತಿ ಪಕ್ಕದಲ್ಲಿ ಫೋನು ಕುಂಯ್ ಅಂತಿತ್ತಲ್ಲೇ!" ಬ್ಯಾಕಪ್ ಅಂದರೆ ಎಲ್ಲದರ ಇನ್ನೊಂದು ಪ್ರತಿ ಬೇರೆ ಕಡೆ ಇಡುವುದು, ಅದಿದ್ದರೆ ಕಳ್ಳನ ಬೀಗಕ್ಕೆ ಅಷ್ಟಾಗಿ ಹೆದರಬೇಕಿಲ್ಲ ಎಂದಾಗ ಆ ಪದವನ್ನು ಎರಡು ಸಲ ಹೇಳಿಕೊಂಡು ಎದ್ದುಹೋದಳು.

ಶನಿವಾರ ಕಾರ್ಖಾನೆಯಲ್ಲಿ, ಅರೆಯುವ ಯಂತ್ರಗಳೆಲ್ಲ ಬಾಯಿ ಮುಚ್ಚಿಕೊಂಡು ಕೂತಿದ್ದಾಗ, ಎಲ್ಲರ ಎದುರಿಗೇ ಕೇಳಿದಳು: "ಸಾರ್, ನಮ್ಮ ಕೊನೇ ಬ್ಯಾಕಪ್ ಯಾವತ್ತಿಂದು?"

ಮ್ಯಾನೇಜರ್ ಕಂಪ್ಯೂಟರಿನವನ ಮುಖ ನೋಡಿದರು. ಅವನು ತನ್ನ ಬೂಟು ನೋಡಿಕೊಂಡ. "ಎಂಟು ತಿಂಗಳು... ಆಗಿರ್ಬೇಕು."

"ಲೆನ್ಸಮ್ಮ ಹೋಗಿ ಮೈಕ್ರೋಸ್ಕೋಪಮ್ಮ ಆದ್ರಪ್ಪೋ!" ಎಂದ ಅರೆಯುವವರಲ್ಲೊಬ್ಬ. ನಗು ಎದ್ದಿತು. ಆದರೆ ಸೋಮವಾರ ಆ ಕುರ್ಚಿಯಲ್ಲಿ ತಾನು ಕೂತಿದ್ದೆ ಎಂದು ಯಾರೊಬ್ಬರೂ ಉಸಿರೆತ್ತಲಿಲ್ಲ. ಅದು ಅವಳಿಗೆ ಮ್ಯಾನೇಜರರ ಕಾಗದಕ್ಕಿಂತ ಹೆಚ್ಚು ಚುಚ್ಚಿತು.

"ಇದೆಲ್ಲ ನಿಮಗ್ಯಾಕ್ರೀ?" ಮ್ಯಾನೇಜರ್ ಗುಡುಗಿದರು.

"ಕಾಗದದಲ್ಲಿರೋದು ನನ್ನ ಹೆಸರಲ್ವಾ, ಅದಕ್ಕೆ."

"ಸೋಮವಾರ ಹತ್ತು ಗಂಟೆ. ಸಹಿ ಇರಬೇಕು, ಇಲ್ಲ ನೀವಿರಲ್ಲ."

ಭಾನುವಾರವಿಡೀ ಲೆನ್ಸಮ್ಮ ಕಿಟಕಿ ಪಕ್ಕ ಕೂತು ಕಾರ್ಖಾನೆಯ ಮಾಲೀಕರಿಗೆ ತನ್ನದೇ ಕಾಗದ ಬರೆದಳು. ಟೇಪಿನ ಪಾಸ್‌ವರ್ಡ್ ತನ್ನ ತಪ್ಪು, ಅಂಟಿಸಲು ಹೇಳಿದವರು ಇಂಥವರು. ಒಂದೂಕಾಲಿಗೆ ತಾನೆಲ್ಲಿದ್ದೆ. ಎಂಟು ತಿಂಗಳು ಬ್ಯಾಕಪ್ ತೆಗೆಯದವರು ಯಾವ ಕಾಗದಕ್ಕೆ ಸಹಿ ಹಾಕುತ್ತಾರೆ. ಒಂದೊಂದು ಪದಕ್ಕೂ ಕೆಳಗೆ ಅದರ ಅರ್ಥ, ಅವರಿಗೂ ತಿಳಿಯಲಿ ಎಂದು. ಕೊನೆಯಲ್ಲಿ ಪೂರ್ತಿ ಹೆಸರಿನ ಸಹಿ.

ಸಂಜೆ ಬಂದು ಆ ಎರಡು ಹಾಳೆಗಳನ್ನು ಪುಟ್ಟಿಯ ತಾಯಿಯ ಕೈಗಿಟ್ಟಳು.

"ನನಗೊಂದು ಉಪಕಾರ ಮಾಡೇ. ಪೆನ್ನು ಹಿಡ್ಕೊಂಡು ಓದು. ಅಭ್ಯಾಸಬಲ ನೋಡು, ಎಲ್ಲಾದ್ರೂ ಕೈಜಾರಿ 'ದಯವಿಟ್ಟು ಕ್ಷಮಿಸಿ' ಅಂತ ಬರೆದಿದ್ರೆ, ಹೊಡೆದುಹಾಕು."