ಚೆಟ್ಟಳ್ಳಿಯ ಕಾಫಿ ಕಣದಲ್ಲೊಂದು ಬಾಕ್ಸಿಂಗ್ ಗರಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಡಗಿನ ಚೆಟ್ಟಳ್ಳಿಯ ತೋಟವೊಂದರ ಕಾಫಿ ಕಣದಲ್ಲಿ ಪೂವಯ್ಯನವರು ಬಗ್ಗಿ ಕಸ ಗುಡಿಸುತ್ತಿದ್ದಾರೆ. ಮಂಜು ಕವಿದು ಪೊರಕೆಯ ಸದ್ದು ಕೇಳುತ್ತದೆಯೇ ಹೊರತು ಪೊರಕೆ ಹಿಡಿದವರು ಕಾಣುವುದಿಲ್ಲ. ಗುಡಿಸಿದ ಮೇಲೆ ನಾಲ್ಕು ಮೂಲೆಗೆ ನಾಲ್ಕು ಗೂಟ ನಿಲ್ಲಿಸಿ, ಕಾಫಿ ಮೂಟೆ ಬಿಗಿಯುವ ಹಗ್ಗವನ್ನೇ ಸುತ್ತಲೂ ಎಳೆದು ಕಟ್ಟುತ್ತಾರೆ. ಅಷ್ಟರಲ್ಲಿ ಕಂಬಳಿ ಹೊದ್ದ ಯುವಕರು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. "ಚಪ್ಪಲಿ ಆಚೆ ಬಿಡಿ! ಇದು ಸಂತೆಯಾ?" ಎಂದು ಪೂವಯ್ಯ ಗದರುತ್ತಾರೆ. ಬರಿಗಾಲಲ್ಲಿ ಆಡಬೇಕು, ಕಾಫಿ ಹರಡುವ ಹೊತ್ತಿಗೆ ಜಾಗ ಖಾಲಿಯಾಗಬೇಕು ಎಂಬ ಮಾತಿನ ಮೇಲೆ ತೋಟದ ಧಣಿಗಳು ಕಣ ಬಿಟ್ಟುಕೊಟ್ಟಿದ್ದಾರೆ.

ಇರುವುದು ಎರಡು ಜೊತೆ ಕೈಗವಸು. ಹರಿದಲ್ಲೆಲ್ಲ ಬೂರುಗದ ಹತ್ತಿ ತುಂಬಿ ಹೊಲಿದು ಹೊಲಿದು, ಅವು ಕೈಗವಸೋ ಪುಟ್ಟ ತಲೆದಿಂಬೋ ಎನ್ನುವಂತಾಗಿವೆ. ಸುತ್ತು ಶುರುವಾಯಿತು, ಮುಗಿಯಿತು ಎಂದು ತಿಳಿಸಲು ಮೊದಲು ತೋಟದ ಗಂಟೆಯನ್ನೇ ಹೊಡೆಯುತ್ತಿದ್ದರಂತೆ. ಒಂದು ದಿನ ಕೆಲಸಕ್ಕೆ ಹೊತ್ತಾಯಿತೆಂದುಕೊಂಡು ಕೂಲಿಯವರ ಲೈನ್ ಮನೆಗಳಿಂದ ಹೆಂಗಸರೆಲ್ಲ ಬುಟ್ಟಿ ಹಿಡಿದು ಓಡಿ ಬಂದರು. ತೋಟದ ಲೆಕ್ಕ ಬರೆಯುವ ರೈಟರಿಂದ ಪೂವಯ್ಯನವರಿಗೆ ಸಿಕ್ಕ ಮಂಗಳಾರತಿ ಸಾಮಾನ್ಯದ್ದಲ್ಲ! ಅಂದಿನಿಂದ ಮನೆಯ ಕಂಚಿನ ತಟ್ಟೆಯೇ ಗಂಟೆ, ಸೌಟೇ ಅದರ ಕೋಲು.

"ಅನ್ನ ಉಣ್ಣುವ ತಟ್ಟೆ ಅದು. ಅಂಚೆಲ್ಲ ಸೊಟ್ಟ ಮಾಡಿಟ್ಟಿದ್ದಾರೆ. ನೆಂಟರು ಬಂದ್ರೆ ಎಂತ ಹೇಳುದು?" ಎಂದು ಹೆಂಡತಿ ಪೊನ್ನಮ್ಮ ದೂರುತ್ತಾರೆ. ದೂರುತ್ತಲೇ, ಆಡಿ ಬಂದವರಿಗೆಂದು ಬೆಲ್ಲದ ಕಾಫಿಯನ್ನೂ ಕಾಯಿಸುತ್ತಾರೆ.

ಪೂವಯ್ಯ ಗಾಳಿಬೀಡಿನ ಕಡೆಯವರು. ಯುದ್ಧದ ಕಾಲದಲ್ಲಿ ಪಟಾಲಂ ಸೇರಿದರು. ಬಾಕ್ಸಿಂಗ್ ಕಲಿತದ್ದು ಅಲ್ಲೇ, ಮೂಗು ಮುರಿದುಕೊಂಡದ್ದೂ ಅಲ್ಲೇ. ಊರಿಗೆ ಮರಳಿದಾಗ ತಾಯಿ ಆ ಸೊಟ್ಟ ಮೂಗು ನೋಡಿ ಮೂರು ದಿನ ಅತ್ತರಂತೆ. ಈಗ ಅವರು ಈ ತೋಟದ ಕಣ ನೋಡಿಕೊಳ್ಳುತ್ತಾರೆ. ಹಣ್ಣು ಹರಡುವುದು, ಮರದ ಹಲಗೆಯಿಂದ ಎಳೆದೆಳೆದು ತಿರುವುವುದು, ಮೋಡ ಕಟ್ಟಿದರೆ ಎದ್ದುಬಿದ್ದು ಓಡಿ ರಾಶಿ ಮಾಡಿ ಮುಚ್ಚುವುದು. ಸಂಜೆಗೆ ಸೊಂಟ ಬಿದ್ದುಹೋಗಿರುತ್ತದೆ. ಆದರೂ ಮರುದಿನ ಕೋಳಿ ಕೂಗುವಾಗ ಕೈಯಲ್ಲಿ ಪೊರಕೆ ಇರುತ್ತದೆ. "ನಂಗೆ ಬೇರೆ ಎಂತ ಬರ್ತದೆ ಹೇಳಿ? ಗೊತ್ತಿರುದನ್ನ ಕಲಿಸದೆ ಸತ್ರೆ ಅದು ನನ್ನೊಟ್ಟಿಗೇ ಮಣ್ಣಾಗ್ತದೆ," ಎನ್ನುತ್ತಾರೆ.

ಮಣ್ಣಾಗುವ ಭಯ ಸುಳ್ಳಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಈ ಕೆಲವು ವರ್ಷಗಳಲ್ಲಿ ಎಲ್ಲಿ ನೋಡಿದರೂ ಹಾಕಿಯ ಹುಚ್ಚು. ಗದ್ದೆ ಕೊಯ್ದದ್ದೇ ತಡ, ಗೋಲು ಕಂಬ ಎದ್ದು ನಿಲ್ಲುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಬಾಕ್ಸಿಂಗ್ ಪಂದ್ಯಕ್ಕೆ ಹಿಂದಿನ ವರ್ಷ ನೋಡಲು ಬಂದವರಿಗಿಂತ ನಡೆಸುವವರೇ ಹೆಚ್ಚಿದ್ದರು. ಪಂದ್ಯದ ಕಾರ್ಯದರ್ಶಿ ತಿಮ್ಮಪ್ಪಯ್ಯ ಶಾಲೆಯ ಮೇಷ್ಟ್ರು, ಮೆದು ಮನುಷ್ಯ. ಅವರೇ ಈ ಸಲದ ಪಂದ್ಯಕ್ಕೆ ಮುಂಚೆ ಕಣಕ್ಕೆ ಬಂದು ಹೇಳಿದ್ದರು: "ಪೂವಯ್ಯ, ಜನ ಸೇರದಿದ್ದರೆ ಮುಂದಿನ ವರ್ಷದಿಂದ ಆ ದಿನವನ್ನೂ ಹಾಕಿಗೇ ಕೊಡೋಣ ಅಂತಿದ್ದಾರೆ. ನಾನೊಬ್ಬ ಎಷ್ಟು ತಡೆಯಲಿ?"

ಪೂವಯ್ಯನವರಿಗೆ ಅಂದು ಊಟ ರುಚಿಸಲಿಲ್ಲ. ಸಾಲದ್ದಕ್ಕೆ ಅವರ ಕಣದ ಒಳ್ಳೆಯ ಆಟಗಾರ, ತೋಟದ ಜೀಪು ಓಡಿಸುವ ಸಾಂತಪ್ಪ, ಆಡುವುದೇ ಅನುಮಾನವಾಗಿತ್ತು. ಅವನ ತಾಯಿ ನೀಲಾವತಿ ತೋಟಕ್ಕೆ ಹಾಲು ತರುವವರು, ಗಂಡನಿಲ್ಲದ ಹೆಂಗಸು. ಮಗನ ತುಟಿ ಒಡೆದದ್ದು ನೋಡಿದಂದಿನಿಂದ ಅವರಿಗೆ ಈ ಆಟ ಕಂಡರೆ ಆಗದು. "ಜಗಳ ಬಿಡಿಸುವವರನ್ನ ನೋಡಿದ್ದೇನೆ ಪೂವಯ್ಯಣ್ಣ, ಜಗಳ ಕಲಿಸುವವರನ್ನ ನಿಮ್ಮನ್ನೇ ನೋಡಿದ್ದು," ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಕೊನೆಗೆ ಪೊನ್ನಮ್ಮ ನಡುವೆ ಬಂದು, "ಒಂದು ಸಲ ಕಣ್ಣಾರೆ ನೋಡು, ಆಮೇಲೆ ಬೇಡ ಅನ್ನು" ಎಂದು ಒಪ್ಪಿಸಿದರು. ರಕ್ತ ಕಂಡರೆ ಅಲ್ಲಿಂದಲೇ ಎಳೆದುಕೊಂಡು ಬರುತ್ತೇನೆ ಎಂದೇ ನೀಲಾವತಿ ಹೊರಟದ್ದು.

ಈ ಕಣದಲ್ಲಿ ಪೂವಯ್ಯ ಮಾಡಿಕೊಂಡಿದ್ದ ಒಂದು ಕ್ರಮವನ್ನು ಇಲ್ಲಿ ಹೇಳಲೇಬೇಕು. ಸುಗ್ಗಿಯ ಹುತ್ತರಿ ಹಬ್ಬದಲ್ಲಿ ಮಂದಿನಲ್ಲಿ, ಎಂದರೆ ಊರ ಬಯಲಿನಲ್ಲಿ, ಆಡುವ ಪರೆಕಳಿ ಕೊಡಗಿನಲ್ಲಿ ಎಲ್ಲರಿಗೂ ಗೊತ್ತು. ಇಬ್ಬರು ಬೆತ್ತ ಹಿಡಿದು ಮೊಣಕಾಲಿನ ಕೆಳಗೆ ಬಾರಿಸುತ್ತಾರೆ, ಪೆಟ್ಟು ಚೆನ್ನಾಗಿ ಬಿದ್ದ ಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಮುಗಿಸುತ್ತಾರೆ. ಮನೆಮನೆಗಳ ನಡುವೆ ಮುನಿಸು ಉಳಿಯಬಾರದೆಂದು ಪೂವಯ್ಯ ಅದನ್ನೇ ಬಾಕ್ಸಿಂಗಿಗೂ ತಂದಿದ್ದರು. ಗಟ್ಟಿ ಪೆಟ್ಟು ಬಿತ್ತೆಂದರೆ ಹೊಡೆದವನು ಕೈ ಇಳಿಸಿ ಎದುರಿನವನನ್ನು ತಬ್ಬಬೇಕು, ಮತ್ತೆ ಶುರು ಮಾಡಬೇಕು.

ಹುತ್ತರಿ ಕಳೆದ ಮೇಲೆ ಮಡಿಕೇರಿಯಲ್ಲಿ ಪಂದ್ಯ. ಸಾಂತಪ್ಪನ ಎದುರು ಮೈಸೂರಿನಿಂದ ಬಂದ ಸೋಮ ಎಂಬ ಕಟ್ಟುಮಸ್ತಾದ ಯುವಕ. ನೋಡುವವರು ಅಲ್ಲೊಬ್ಬರು ಇಲ್ಲೊಬ್ಬರು. ಮೈದಾನದ ಆಚೆ ಕೊನೆಯಲ್ಲಿ ಹಾಕಿ ನಡೆಯುತ್ತಿತ್ತು, ಊರಿಗೆ ಊರೇ ಅಲ್ಲಿ. ಮೊದಲ ಸುತ್ತಿನಲ್ಲೇ ಸಾಂತಪ್ಪನ ಬಲಗೈ ಸೋಮನ ದವಡೆಗೆ ಬಿತ್ತು. ಸೋಮ ತೂರಾಡಿದ. ಇನ್ನೊಂದು ಕೊಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಸಾಂತಪ್ಪ ಮಾಡಿದ್ದೇನು? ಕೈ ಇಳಿಸಿದ, ಮುಂದೆ ಹೋದ, ಸೋಮನನ್ನು ತಬ್ಬಿಕೊಂಡು ಬೆನ್ನು ತಟ್ಟಿದ!

ರೆಫರಿ ಬಂದು ಬಿಡಿಸಿ ಎಚ್ಚರಿಸಿದರು. ಎರಡನೇ ಸುತ್ತಿನಲ್ಲಿ ಮತ್ತದೇ. ಒಳ್ಳೆಯ ಪೆಟ್ಟು, ಹಿಂದೆಯೇ ಅಪ್ಪುಗೆ. ಸುಧಾರಿಸಿಕೊಂಡ ಸೋಮ ಈ ಸಲ ಅಪ್ಪುಗೆಯಿಂದ ಬಿಡಿಸಿಕೊಂಡವನೇ ಚೆನ್ನಾಗಿ ಬಾರಿಸಿದ. ನೋಡುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಿನ ಗದ್ದಲ ಕೇಳಿ ಹಾಕಿ ನೋಡುತ್ತಿದ್ದವರು ಏನಾಯಿತೆಂದು ಈಚೆ ಬರತೊಡಗಿದರು. ಪೂವಯ್ಯ ಮೂಲೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. "ತಪ್ಪು ಅವನದಲ್ಲ, ಪೂರಾ ನಂದು. ಪರೆಕಳಿ ಬೇರೆ, ಬಾಕ್ಸಿಂಗ್ ಬೇರೆ ಅಂತ ಹೇಳಬೇಕಾದವ ನಾನು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು," ಎಂದು ಈಗಲೂ ಕೆನ್ನೆ ಉಜ್ಜಿಕೊಳ್ಳುತ್ತಾರೆ.

ನೀಲಾವತಿ ಎದ್ದರು. ಮಗನನ್ನು ಎಳೆದುಕೊಂಡು ಹೋಗಲು ಹೊರಟರೆಂದು ಪೊನ್ನಮ್ಮ ಸೆರಗು ಹಿಡಿದರು. ನೀಲಾವತಿ ಕೊಡವಿಕೊಂಡು ಹಗ್ಗದ ಹತ್ತಿರಕ್ಕೇ ಹೋಗಿ ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದರು: "ಮಗಾ! ತಬ್ಬುದು ಕೊನೇಲಿ! ಈಗ ಹೊಡಿ!"

ಮೈದಾನವೇ ಬಿದ್ದು ಬಿದ್ದು ನಕ್ಕಿತು. ಮೂರನೇ ಸುತ್ತಿನಲ್ಲಿ ಸಾಂತಪ್ಪ ಆಡಿದ ಆಟ ನೋಡಿದವರು ಹಾಕಿಯ ಕಡೆ ತಿರುಗಿಯೂ ನೋಡಲಿಲ್ಲ. ಅಂಕದಲ್ಲಿ ಅವನು ಸೋತ, ತಬ್ಬಿದ್ದಕ್ಕೆ ಕಳೆದುಕೊಂಡದ್ದು ಮರಳಿ ಬರಲಿಲ್ಲ. ಕೊನೆಯ ಗಂಟೆ ಹೊಡೆದಾಗ ಮಾತ್ರ ಸೋಮನೇ ಓಡಿ ಬಂದು ಅವನನ್ನು ತಬ್ಬಿ ಮೇಲೆತ್ತಿದ. ನೀಲಾವತಿ ಕಣ್ಣೊರೆಸಿಕೊಳ್ಳುತ್ತ, "ಇದು ಜಗಳ ಅಲ್ಲ ಪೊನ್ನಕ್ಕ, ನಮ್ಮ ಪರೆಕಳಿಯ ಹಾಗೇ," ಎಂದರಂತೆ. ಮುಂದಿನ ವರ್ಷದ ಪಂದ್ಯಕ್ಕೆ ದಿನ ಗೊತ್ತಾಗಿದೆಯೆಂದು ತಿಮ್ಮಪ್ಪಯ್ಯ ಮೊನ್ನೆ ಕಣಕ್ಕೆ ಬಂದು ಹೇಳಿ ಹೋಗಿದ್ದಾರೆ. ಈ ಸಲ ಅವರ ಮುಖದಲ್ಲಿ ನಗು ಇತ್ತು.

ಬಾಕ್ಸಿಂಗ್ ಹಾಕಿಯಷ್ಟು ಬೆಳೆಯುತ್ತದೆಯೇ ಎಂದರೆ ಪೂವಯ್ಯ ನಗುತ್ತಾರೆ. "ಅಷ್ಟು ಆಸೆ ನಂಗಿಲ್ಲ ಮಾರಾಯ್ರೆ. ಯಾರಾದ್ರೂ ಒಂದು ಹಳೇ ಗಂಟೆ ಕೊಟ್ರೆ ಸಾಕು, ಪೊನ್ನಮ್ಮನ ತಟ್ಟೆ ವಾಪಸ್ ಕೊಡ್ತೇನೆ."

ಮಂಜು ಕರಗುತ್ತಿದೆ. ಹಗ್ಗದೊಳಗೆ ಸಾಂತಪ್ಪನೂ, ಈ ವರ್ಷವೇ ಕಲಿಯಲು ಸೇರಿದ ಕೆಂಚನೂ ಆಡುತ್ತಿದ್ದಾರೆ. ಹೊರಗೆ ಹಾಲಿನ ಕ್ಯಾನು ಪಕ್ಕಕ್ಕಿಟ್ಟು ಸೌಟು ಹಿಡಿದು ನಿಂತವರು ನೀಲಾವತಿ. ಪೂವಯ್ಯ ಸನ್ನೆ ಮಾಡುತ್ತಲೇ ತಟ್ಟೆ ಠಣ್ಣೆನ್ನುತ್ತದೆ. ಇಬ್ಬರೂ ಕೈ ಇಳಿಸಿ ತಬ್ಬಿಕೊಳ್ಳುತ್ತಾರೆ. ಪೂವಯ್ಯ ಹಗ್ಗ ಬಿಚ್ಚಿ ಸುತ್ತುತ್ತ, ಕಾಫಿ ಹರಡಲು ಹಲಗೆ ಕೈಗೆತ್ತಿಕೊಳ್ಳುತ್ತ ಹೇಳುತ್ತಾರೆ:

"ಮೊದಲು ಅಮ್ಮಂದಿರು ಮಕ್ಕಳನ್ನ ಇಲ್ಲಿಂದ ಎಳ್ಕೊಂಡು ಹೋಗ್ತಿದ್ರು. ಈಗ ಗಂಟೆ ಅವರೇ ಹೊಡೀತಾರೆ. ಇನ್ನು ಈ ಆಟ ಎಲ್ಲಿಗೂ ಹೋಗುದಿಲ್ಲ ಬಿಡಿ."