ಕಂಬಳಿ ಹೊದಿಸಿದ ಸ್ಟೂಲು

ರೈಟಕ್ಕ ನಮ್ಮ ಬಾಗಿಲಿಗೆ ಬಂದಾಗ ನಾನು ಮೊದಲು ನೋಡಿದ್ದು ಅವಳ ಕೈಚೀಲವನ್ನು. ಅಗಲ ಬಾಯಿಯ ಚೀಲ. ಏನು ಬೇಕಾದರೂ ಒಳಗೆ ಜಾರಿಕೊಳ್ಳಬಹುದು.

ಅವಳು ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದವಳು. "ರೈಟ್, ರೈಟ್" ಎಂದು ಕೂಗಿ ಕೂಗಿ ಊರಿಗೆಲ್ಲ ರೈಟಕ್ಕನಾದಳು. ಕೆಲಸ ಬಿಟ್ಟ ಮೇಲೂ ಕಾಲು ಅಗಲಿಸಿಯೇ ನಿಲ್ಲುತ್ತಾಳೆ, ನೆಲ ಈಗ ಯಾವ ಕಡೆ ತಿರುಗುತ್ತದೋ ಎನ್ನುವ ಹಾಗೆ. ಮದುವೆಯಾಗಲಿಲ್ಲ. ಹೆತ್ತವಳ ಮುಖ ನೆನಪಿಲ್ಲ, ಚಿಕ್ಕಮ್ಮ ಸಾಕಿದ್ದು. ಈಗ ಕಾಡು ಕಡಿದು ಇಲ್ಲಿ ನೆಲೆ ನಿಂತ ಮೊದಲ ಮನೆಗಳ ಫೋಟೋಗಳನ್ನು ಲೈಬ್ರರಿಯ ಗೋಡೆಗೆ ಹಾಕಿಸುತ್ತೇನೆಂದು ಮನೆಮನೆ ಸುತ್ತುತ್ತಿದ್ದಳು.

"ಅತ್ತಿಗೆ, ನಿಮ್ಮನೇಲಿ ಒಂದು ಹಳೇ ಫೋಟೋ ಇದೆಯಂತಲ್ಲ" ಎಂದಳು.

ನನಗೆ ಮೈ ಉರಿಯಿತು. ನನ್ನ ಗಂಡನಿಗೆ ಅಕ್ಕತಂಗಿಯರೇ ಇರಲಿಲ್ಲ. ಇವಳು ಎಲ್ಲಿಂದ ಬಂದ ನಾದಿನಿ? ಇಲ್ಲದ ನಂಟು ಹಚ್ಚಿಕೊಂಡು ಬರುವವರ ಕಣ್ಣು ಯಾವುದಾದರೊಂದರ ಮೇಲೆ ಇದ್ದೇ ಇರುತ್ತದೆ. ಆ ಫೋಟೋ ಬಿಟ್ಟರೆ ನನ್ನ ಗಂಡ ಮಗುವಾಗಿದ್ದಾಗಿನ ಮುಖ ನನಗೆ ಈ ಲೋಕದಲ್ಲಿ ಇನ್ನೆಲ್ಲೂ ಸಿಗುವುದಿಲ್ಲ.

"ಇದೆ. ಗೋಡೆ ಬಿಟ್ಟು ಬರಲ್ಲ" ಎಂದೆ.

ಒಳಗಿಂದ ಸೊಸೆ ನಕ್ಕಳು. "ಬನ್ನಿ ಅಕ್ಕ. ನಮ್ಮತ್ತೆ ಕನ್ನಡಿ ನೋಡಿದ್ರೂ ಯಾರಿವಳು ಅಂತ ಎರಡು ಸಲ ವಿಚಾರಿಸ್ತಾರೆ."

ಫೋಟೋದಲ್ಲಿ ಹುಲ್ಲಿನ ಮನೆ. ಮುಂದೆ ಕೊಡಲಿ ಹಿಡಿದ ಮಾವ, ಪಕ್ಕದಲ್ಲಿ ಅತ್ತೆ. ನಡುವೆ ಕಂಬಳಿ ಹೊದಿಸಿದ ಎತ್ತರದ ಸ್ಟೂಲಿನ ಮೇಲೆ ನನ್ನ ಗಂಡ, ಕಣ್ಣರಳಿಸಿಕೊಂಡು. ರೈಟಕ್ಕ ಚೀಲದಿಂದ ಭೂತಗನ್ನಡಿ ತೆಗೆದಳು. ಮುಖಗಳನ್ನು ನೋಡಲೇ ಇಲ್ಲ. ಕೆಳಗೆ, ಅಂಚಿನಲ್ಲಿ ಹುಡುಕಿದಳು. ಅಂಗಳದ ಬೇಲಿ ನೋಡುತ್ತಿದ್ದಾಳೆ, ಯಾರೋ ಗಡಿ ತಂಟೆಗೆ ಕಳಿಸಿದ್ದಾರೆ ಎಂದುಕೊಂಡೆ.

"ಅತ್ತಿಗೆ, ಈ ಸ್ಟೂಲು ಈಗ ಎಲ್ಲಿದೆ?"

 ನಮ್ಮತ್ತೆ ಒಂದು ಕಡ್ಡಿ ಎಸೆದವರಲ್ಲ. ಅವರು ಈ ಊರಿಗೆ ಬಂದ ಗಾಡಿಯ ಹಲಗೆ ಇವತ್ತಿಗೂ ನಮ್ಮ ಹಿತ್ತಿಲ ಬಾಗಿಲು. ಒಡೆದ ಪೆಟ್ಟಿಗೆ ಕೋಳಿಗೂಡಾಯಿತು. ಸ್ಟೂಲು ಮಾತ್ರ ನಾನು ಮದುವೆಯಾಗಿ ಬಂದಾಗಲೇ ಇರಲಿಲ್ಲ. ಮುರಿಯಿತೆಂದೂ ಯಾರೂ ಹೇಳಿರಲಿಲ್ಲ. ಅತ್ತೆ ಇರುವತನಕ ಈ ಫೋಟೋದ ಗಾಜನ್ನು ಬೇರೆಯವರ ಕೈಯಿಂದ ಒರೆಸಗೊಡುತ್ತಿರಲಿಲ್ಲ. ಒಡೆದೀತೆಂಬ ಭಯ ಎಂದುಕೊಂಡಿದ್ದೆ. ನನ್ನ ಅನುಮಾನ ಮೊದಲ ಸಲ ರೈಟಕ್ಕನನ್ನು ಬಿಟ್ಟು ಅತ್ತೆಯ ಕಡೆ ತಿರುಗಿತು.

"ಆಗಿನ ಕ್ಯಾಮೆರಾಕ್ಕೆ ಅಲ್ಲಾಡದೆ ಕೂರಬೇಕಿತ್ತಂತೆ" ಎಂದಳು ರೈಟಕ್ಕ. "ನಮ್ಮಮ್ಮ ನಿಮ್ಮ ಮಾವನ ಗಾಡೀಲೇ ಬಂದವಳು, ಮನೆಗೆಲಸಕ್ಕೆ. ಮಗು ಅವಳ ತೊಡೆ ಬಿಟ್ರೆ ಎಲ್ಲೂ ಸುಮ್ಮನಿರ್ತಿರಲಿಲ್ಲವಂತೆ. ಫೋಟೋದಲ್ಲಿ ಮನೆಯವರಷ್ಟೇ ಕಾಣ್ಬೇಕು ಅಂತ ಅವಳ ತಲೆ ಮೇಲಿಂದ ಕಂಬಳಿ ಇಳಿಬಿಟ್ಟರಂತೆ. ಚಿಕ್ಕಮ್ಮ ಅಲ್ಲೇ ನಿಂತು ನೋಡಿದ್ದಳು. ಅಮ್ಮ ಕೂತ ಫೋಟೋ ಅದೊಂದೇ."

"ಅದು ನಮ್ಮನೆ ಫೋಟೋನೇ ಅಂತ ಏನು ಗ್ಯಾರಂಟಿ? ಆ ಕ್ಯಾಮೆರಾದವನು ಎಲ್ಲರ ಮನೆಗೂ ಹೋಗಿದ್ದ."

"ಚಿಕ್ಕಮ್ಮ ಹೇಳಿದ್ದು ನಿಮ್ಮನೆ ಅಂತಲೇ. ವಯಸ್ಸಾದವಳು, ಮರೆತಿರಬಹುದು ಅಂತ ಬೇರೆ ಮನೆಗಳನ್ನೂ ನೋಡ್ಕೊಂಡು ಬಂದೆ. ಅಮ್ಮನಿಗೆ ಬಲಗೈ ತೋರುಬೆರಳಿನ ತುದಿ ಇರಲಿಲ್ಲವಂತೆ. ಕುಡುಗೋಲು ತಗಲಿತ್ತು."

ಭೂತಗನ್ನಡಿ ಕಿತ್ತುಕೊಂಡೆ. ಮಗುವಿನ ಹೊಟ್ಟೆಯ ಮೇಲೆ, ಇಷ್ಟು ವರ್ಷ ನಾನು ಬಟ್ಟೆಯ ಗಂಟೆಂದುಕೊಂಡಿದ್ದ ಕಡೆ, ಬೆರಳ ಗೆಣ್ಣುಗಳಿದ್ದವು. ಒಂದು ಬೆರಳು ಮೋಟು. ಅಥವಾ ಕಂಬಳಿಯ ಅಂಚು ಅದನ್ನು ಮುಚ್ಚಿತ್ತೋ.

"ಕಂಬಳಿ ಮಡಿಕೆಯೂ ಇರಬಹುದು" ಎಂದೆ.

"ಇರಬಹುದು" ಎಂದು ಅವಳು ಭೂತಗನ್ನಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು.

ಸುಳ್ಳು ಹೇಳುವವಳಾಗಿದ್ದರೆ ಇಲ್ಲಿ ವಾದ ಮಾಡುತ್ತಿದ್ದಳು. ಅದೊಂದಕ್ಕೇ ನನ್ನ ಅನುಮಾನ ಅರ್ಧ ಇಳಿಯಿತು. ಇನ್ನರ್ಧವನ್ನು ಜೊತೆಗಿಟ್ಟುಕೊಂಡೇ, ಪ್ರತಿ ತೆಗೆಸಲು ನಾನೇ ಫೋಟೋ ಎತ್ತಿಕೊಂಡು ಅವಳೊಂದಿಗೆ ಪೇಟೆಗೆ ಹೊರಟೆ.

ಸ್ಟುಡಿಯೋದವನು ಫೋಟೋ ಒಳಗೆ ಒಯ್ದ. ನಾನೂ ಒಳಗೆ ನುಗ್ಗಿದೆ.

"ಅಜ್ಜಿ, ತಿಂದುಬಿಡಲ್ಲ ಅದನ್ನ" ಎಂದ. ಫೋಟೋದ ಕೆಳಗೆ ಹೆಸರು ಬರೆಯಲು ಒಬ್ಬೊಬ್ಬರೂ ಯಾರೆಂದು ಕೇಳಿದ. ಮಾವನನ್ನು ಹೇಳಿದೆ, ಅತ್ತೆಯನ್ನು ಹೇಳಿದೆ. "ಸ್ಟೂಲಿನ ಮೇಲೆ?"

ರೈಟಕ್ಕ ಬೀದಿಯ ಕಡೆ ನೋಡುತ್ತಿದ್ದಳು.

"ಅದು ಸ್ಟೂಲಲ್ಲಪ್ಪ" ಎಂದೆ. "ಇವಳ ತಾಯಿ. ಅವಳ ತೊಡೆ ಮೇಲಿರೋರು ನಮ್ಮೆಜಮಾನರು. ಅವಳ ಹೆಸರು ಮೊದಲು ಬರಿ."

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವಳು ಅಭ್ಯಾಸದಂತೆ ನಿಂತೇ ಇದ್ದಳು. ರೆಟ್ಟೆ ಹಿಡಿದು ಕೂರಿಸಿದೆ. ಬಟ್ಟೆಯಲ್ಲಿ ಸುತ್ತಿದ್ದ ಫೋಟೋವನ್ನು ಅವಳ ತೊಡೆಯ ಮೇಲಿಟ್ಟೆ. ಎರಡು ಕೈಯಲ್ಲೂ ಅವುಚಿಕೊಂಡಳು. ಆ ಚೀಲವನ್ನು ಮಾತ್ರ ನಾನು ತೆಗೆದುಕೊಂಡು, ಬಾಯಿ ಮಡಿಚಿ, ಇಳಿಯುವವರೆಗೂ ನನ್ನ ಕಾಲ ಕೆಳಗೇ ಇಟ್ಟುಕೊಂಡಿದ್ದೆ.