ಕಾಗದದ ಮೂಗು

ಎಂಜಿನ್ನಿಗೂ ಮೂಗಿದೆ, ಅದನ್ನ ಚೆನ್ನಾಗಿ ನೋಡ್ಕೋಬೇಕು ಅಂತ ನನಗೆ ಪಾಠ ಹೇಳಿದ್ದು ನನ್ನ ಹೆಂಡತಿ ತಮ್ಮ. ಅವನು ಚಿಕ್ಕಮಗಳೂರಿನ ಬಟ್ಟೆ ಅಂಗಡೀಲಿ ಕೂತು ಸೀರೆ ಮಡಚೋದು ಕಲೀತಿದ್ದ ಕಾಲಕ್ಕೇ ನಾನು ಗೋಣಿಬೀಡಿನಾಚೆ ನಮ್ಮ ತೋಟದ ಶೆಡ್ಡಲ್ಲಿ ಕೂತು ಜೀಪಿನ ಮೂಗು ತೊಳೀತಿದ್ದೆ. ಆದ್ರೆ ಹೊಸ ಕಾರು ತಗೊಂಡೋರಿಗೆ ಒಂದು ಕಾಯಿಲೆ ಇರತ್ತೆ. ಹಳೇ ಗಾಡಿಯೋರಿಗೆ ಬುದ್ಧಿ ಹೇಳದೇ ಇದ್ರೆ ಉಂಡಿದ್ದು ಅರಗಲ್ಲ.

ನನ್ನ ಜೀಪಿನ ಮೂಗು ಅಂದ್ರೆ ಗಾಳಿ ಸೋಸೋ ಎಣ್ಣೆ ಫಿಲ್ಟರು. ಬಾನೆಟ್ ಎತ್ತಿದ್ರೆ ಒಂದು ಕಬ್ಬಿಣದ ಡಬ್ಬ, ಅದರ ತಳದಲ್ಲಿ ಬಟ್ಟಲು, ಬಟ್ಟಲಲ್ಲಿ ಎಂಜಿನ್ ಆಯಿಲ್, ಅದರ ಮೇಲೆ ತಂತಿ ಬಲೆ. ಹೊರಗಿನ ಗಾಳಿ ಎಣ್ಣೆ ಸವರ್ಕೊಂಡೇ ಒಳಗೆ ಹೋಗ್ಬೇಕು. ಧೂಳೆಲ್ಲ ಎಣ್ಣೆಗೆ ಅಂಟಿ ತಳಕ್ಕೆ ಕೂರೋದು. ಬೇಸಿಗೇಲಿ ವಾರಕ್ಕೊಂದ್ಸಲ ಬಿಚ್ಚಿ, ಅಂಬಲಿ ಥರ ಆಗಿರೋ ಕೆಸರು ತೆಗೆದು, ಸೀಮೆಎಣ್ಣೇಲಿ ತೊಳೆದು, ಬಟ್ಟಲಲ್ಲಿರೋ ಗೆರೆ ತನಕ ಹೊಸ ಆಯಿಲ್ ಹಾಕಿದ್ರೆ ಮುಗೀತು. ಆ ಕೆಸರನ್ನೂ ನಾನು ಚೆಲ್ತಿರಲಿಲ್ಲ. ಬೇಲಿ ಗೂಟದ ಬುಡಕ್ಕೆ ಬಳೀತಿದ್ದೆ, ಗೆದ್ದಲು ಹತ್ತಿರ ಸುಳೀತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಜೀಪಿನ ಜೊತೆ ಬಂದ ಡಬ್ಬ ಎಂಬತ್ತರ ದಶಕ ಅರ್ಧ ಕಳೆದ್ರೂ ಅದೇ. ಮೂಡಿಗೆರೇಲಿ ನನ್ನಷ್ಟು ಚೆನ್ನಾಗಿ ಅದನ್ನ ತೊಳೆಯೋನು ಇನ್ನೊಬ್ಬ ಇರಲಿಲ್ಲ. ಇದ್ದಿದ್ರೆ ಇಷ್ಟೊತ್ತಿಗೆ ಅವನೇ ಬಂದು ಹೇಳ್ಕೋತಿದ್ದ.

ಭಾವಮೈದ ಹೊಸ ಬಿಳಿ ಚಿಕ್ಕ ಕಾರು ತಂದವನೇ ಸೀದಾ ನಮ್ಮ ಅಂಗಳಕ್ಕೆ ಬಂದ. ಅದೇನು ಕಾರೋ, ನಮ್ಮ ಕಾಫಿ ಕಣದಲ್ಲಿ ಬಿಟ್ರೆ ಮೇಸ್ತ್ರಿ ಮೂಟೆ ಅಂತ ತಿಳ್ಕೊಂಡು ಹೊತ್ಕೊಂಡು ಹೋಗ್ಬೇಕು, ಹಾಗಿತ್ತು. ಬಾನೆಟ್ ಎತ್ತಿ, ಒಂದು ದುಂಡು ಮುಚ್ಚಳ ತೆಗೆದು, ಒಳಗಿಂದ ಕಾಗದದ ಬಳೆ ಒಂದನ್ನ ಎತ್ತಿ ತೋರಿಸಿದ. ಸೀರೆ ನೆರಿಗೆ ಹಿಡಿದ ಹಾಗೆ ಮಡಚಿದ ಕಾಗದ. ಅಂಗಡಿ ಬುದ್ಧಿ ಎಲ್ಲಿ ಹೋಗತ್ತೆ, ನೆರಿಗೆ ಕಂಡಲ್ಲಿ ಮರುಳಾಗಿದ್ದ.

"ಇಷ್ಟೇ ಭಾವ," ಅಂದ. "ಕೊಳೆ ಆಯ್ತಾ, ತೆಗೆದು ಬಿಸಾಕಿ ಹೊಸದು ಹಾಕೋದು. ನೀವಿನ್ನೂ ಸೀಮೆಎಣ್ಣೇಲಿ ಕೈ ಅದ್ಕೊಂಡು ಕೂತಿದ್ದೀರ. ತೊಳೆಯೋ ಕಾಲ ಹೋಯ್ತು."

"ಉಂಡಾದ್ಮೇಲೆ ಎಲೆ ಬಿಸಾಕೋರನ್ನ ನೋಡಿದೀನಿ ಮಾರಾಯ," ಅಂದೆ. "ಒಲೆ ಬಿಸಾಕೋರನ್ನ ಇವತ್ತೇ ನೋಡಿದ್ದು."

ಅವನಿಗೆ ಅರ್ಥ ಆಗ್ಲಿಲ್ಲ. ನನ್ನ ಹೆಂಡತಿಗೆ ಅರ್ಥ ಆಯ್ತು, ಆದ್ರೆ ಅವಳು ನಗಲಿಲ್ಲ. ಅವಳ ಕಣ್ಣು ಆ ಕಾರಿನ ಸೀಟಿನ ಮೇಲಿತ್ತು. ಜೀಪಲ್ಲಿ ಕೂತು ಎಲ್ಲಿಗೇ ಹೋದ್ರೂ ಧೂಳಿಗೆ ತಲೆಕೂದಲು ಕೆಂಪಾಗತ್ತೆ, ಸೀರೆಗೆ ಆಯಿಲ್ ವಾಸನೆ ಹತ್ತತ್ತೆ ಅನ್ನೋದು ಅವಳ ಹಳೇ ದೂರು. ಆವತ್ತು ಊಟಕ್ಕೆ ಬಡಿಸ್ತಾ ತಣ್ಣಗೆ ತೀರ್ಪು ಕೊಟ್ಟಳು. ಚಿಕ್ಕಮಗಳೂರಾಚೆ ಗುಡ್ಡದ ಮೇಲಿನ ಅತ್ತಿಗುಂಡೀಲಿ ಅವಳ ಅಕ್ಕನ ಮನೇಲಿ ಮೊಮ್ಮಗೂನ ತೊಟ್ಟಿಲಿಗೆ ಹಾಕೋ ಶಾಸ್ತ್ರ ಇತ್ತು. ಅಲ್ಲಿಗೆ ಅವಳು ತಮ್ಮನ ಕಾರಲ್ಲಿ ಹೋಗ್ತಾಳೆ. ಕಾರು ತೊಂದ್ರೆ ಇಲ್ಲದೆ ಗುಡ್ಡ ಹತ್ತಿಳಿದು ಅವಳನ್ನ ಮನೆಗೆ ತಂದು ಬಿಟ್ರೆ ಜೀಪು ಮಾರಿ ಅಂಥದ್ದೇ ಒಂದು ಕಾರು ತಗೋಬೇಕು. ಇಲ್ಲದಿದ್ರೆ ಜೀಪಿನ ಮಾತು ಇನ್ನು ಎತ್ತಲ್ಲ.

ಹತ್ತಾರು ವರ್ಷದ ಜೀಪು ಒಂದು ಕಾಗದದ ಬಳೆ ಕೈಲಿ ಸಿಕ್ಕಿಬಿತ್ತು. ನಾನು ಹೂಂ ಅಂದೆ. ಹೂಂ ಅಂದಾಗಲೇ ಏನು ಮಾಡ್ಬೇಕು ಅಂತ ತಲೆಗೆ ಬಂದಾಗಿತ್ತು. ಈ ತಲೆ ಅಂಥಾ ವಿಷಯದಲ್ಲಿ ಯಾವತ್ತೂ ಕೈ ಕೊಟ್ಟಿದ್ದಿಲ್ಲ.

ಜೀಪೂ ಹೊರಡಲೇಬೇಕಿತ್ತು, ಯಾಕಂದ್ರೆ ತೊಟ್ಟಿಲು ನಮ್ಮ ಅಟ್ಟದಲ್ಲಿತ್ತು. ಹೆಂಡತಿ, ಅವಳ ಅಕ್ಕ, ಈ ಕಾರಿನ ಮಹಾಶಯ, ಎಲ್ಲರೂ ಮಲಗಿ ಎದ್ದ ಬೀಟೆ ಮರದ ತೊಟ್ಟಿಲು ಅದು. ಆ ಪುಟ್ಟ ಕಾರಿಗೆ ಅದರ ಒಂದು ಕಾಲೂ ಹಿಡೀತಿರಲಿಲ್ಲ. ಹೊರಡೋ ಬೆಳಿಗ್ಗೆ ಫಿಲ್ಟರು ತೊಳೆದು, ಗೆರೆ ತನಕ ಆಯಿಲ್ ಹಾಕಿ, ಮೇಲೆ ಒಂದಿಷ್ಟು ಕೊಸರೂ ಹಾಕಿದೆ. ನಮ್ಮಲ್ಲಿ ಅಕ್ಕಿ ಅಳೆದ್ರೂ ಹಾಲು ಅಳೆದ್ರೂ ಕೊಸರು ಹಾಕದೆ ಕೈ ಹಿಂದಕ್ಕೆ ಬರಲ್ಲ. ಶುಭ ಕಾರ್ಯಕ್ಕೆ ಹೊರಟ ಜೀಪಿಗೆ ಅಳತೆ ಇಟ್ಟು ಸುರೀತಾರಾ?

ಕಾಫಿ ಹೂ ಬಿಡಿಸೋ ಬೇಸಿಗೆಯ ಹೂಮಳೆ ಆ ವರ್ಷ ಇನ್ನೂ ಬಿದ್ದಿರಲಿಲ್ಲ. ತೋಟದ ದಾರಿಯೆಲ್ಲ ಕಾಲಿಟ್ರೆ ಹಿಟ್ಟು. ಟಾರು ರಸ್ತೆ ಬಳಸಾಗತ್ತೆ, ಒಳದಾರೀಲಿ ಕರ್ಕೊಂಡು ಹೋಗ್ತೀನಿ, ನನ್ನ ಬೆನ್ನು ಬಿಡ್ಬೇಡ ಅಂತ ಭಾವಮೈದನಿಗೆ ಪ್ರೀತಿಯಿಂದ ಹೇಳಿದೆ. ಎಸ್ಟೇಟುಗಳ ಒಳಗೆ ದಾರಿ ಗೊತ್ತಿಲ್ಲದ ಪ್ರಾಣಿ, ಹಿಂದೆ ಬಿದ್ರೆ ಕಳೆದುಹೋಗ್ತೀನಿ ಅಂತ ಅಂಟ್ಕೊಂಡೇ ಬಂದ. ನಾನು ಎಲ್ಲಿ ಧೂಳು ಜಾಸ್ತಿ ಇದೆಯೋ ಅಲ್ಲಿ ಚಕ್ರ ಇಳಿಸ್ತಾ, ನಿಧಾನಕ್ಕೆ, ಮೆರವಣಿಗೆ ಹೋದ ಹಾಗೆ ಹೋದೆ. ಕನ್ನಡಿ ತುಂಬ ಕೆಂಪು ಮೋಡ, ಅದರೊಳಗೆ ಎರಡು ದೀಪ. ಕಾರು ತಗೊಂಡಾಗಿಂದ ಆ ಫಿಲ್ಟರನ್ನ ಅವನು ಮತ್ತೆ ಬಿಚ್ಚಿ ನೋಡಿರಲಿಲ್ಲ ಅನ್ನೋದೂ ನನಗೆ ಗೊತ್ತಿತ್ತು. ಬಿಸಾಕೋ ವಸ್ತೂನ ಯಾರು ಬಿಚ್ಚಿ ನೋಡ್ತಾರೆ?

ಚಿಕ್ಕಮಗಳೂರು ದಾಟಿ ಗುಡ್ಡದ ದಾರಿ ಏರು ಹಿಡಿದ ಕೂಡ್ಲೇ ಕಾರು ಕೆಮ್ಮಕ್ಕೆ ಶುರು ಮಾಡ್ತು. ಹಿಂದಿಂದ ಕರೀ ಹೊಗೆ. ಒಂದು ತಿರುವಲ್ಲಿ ನಿಂತೇಬಿಡ್ತು. ನಾನು ಜೀಪು ನಿಲ್ಲಿಸಿ, ಹಿಂದಕ್ಕೆ ನಡ್ಕೊಂಡು ಬಂದು, ಏನಾಯ್ತಪ್ಪ ಅಂತ ಬಹಳ ಗಾಬರಿಯಿಂದ ಕೇಳಿದೆ. ಅವನು ಮುಚ್ಚಳ ತೆಗೆದ. ನೆರಿಗೆ ನೆರಿಗೆಗೂ ಕೆಮ್ಮಣ್ಣು. ಹೊಸ ಕಾಗದ ತಂದಿದ್ದೀಯಾ ಅಂದೆ. ಚಿಕ್ಕಮಗಳೂರಲ್ಲೇ ಸಿಗಲ್ಲ, ಬೆಂಗಳೂರಿಂದ ಬರ್ಬೇಕು ಅಂತ ಬಾಯಿಬಿಟ್ಟ.

"ಬಿಸಾಕೋದು ತಾನೇ ಮಾರಾಯ, ಬಿಸಾಕು," ಅಂದೆ.

ಅಕ್ಕನ ಎದುರಿಗೆ ಅವನಿಗೆ ರೋಷ ಬಂತು. ಬೀಸಿ ಒಗೆದ ನೋಡಿ, ದಾರಿ ಕೆಳಗಿನ ಕಾಫಿ ಇಳಿಜಾರಿಗೆ ಅದು ಚಕ್ಕುಲಿ ಥರ ತಿರುಗ್ತಾ ಹೋಯ್ತು. ಆಮೇಲೆ ಕಾರು ಸ್ಟಾರ್ಟ್ ಮಾಡಿದ. ನಾನು ಒಂದು ಲೆಕ್ಕ ಬಿಟ್ಟಿದ್ದೆ. ಮೂಗೇ ಇಲ್ಲದ ಮೇಲೆ ಮೂಗು ಕಟ್ಟೋದೆಲ್ಲಿ? ಕಾರು ಕರು ಬಿಚ್ಚಿದ ಹಾಗೆ ನೆಗೀತು. ನನ್ನ ಜೀಪಿನ ಪಕ್ಕದಿಂದ ಹಾರನ್ ಹೊಡ್ಕೊಂಡು ಹೋದ. ಕಿಟಕೀಲಿ ಹೆಂಡತಿ ನೆಟ್ಟಗೆ ಮುಂದೆ ನೋಡ್ತಾ ಕೂತಿದ್ದಳು.

ಓಡಿಹೋಗಿ ಜೀಪು ಹತ್ತಿ ಬೆನ್ನಟ್ಟಿದೆ. ಏರಲ್ಲಿ ಜೀಪು ಹಿಂದಕ್ಕೆ ವಾಲಿತು ನೋಡಿ, ಬಟ್ಟಲಲ್ಲಿದ್ದ ಕೊಸರು ತುಳುಕಿ ಎಂಜಿನ್ನಿನ ಬಾಯಿಗೇ ಹೋಯ್ತು. ಹಿಂದಗಡೆ ಬೆಳ್ಳಗೆ ಹೊಗೆಯೋ ಹೊಗೆ. ದಾರೀಲಿ ಬರ್ತಿದ್ದ ಹೆಣ್ಣಾಳುಗಳು ಸೆರಗಲ್ಲಿ ಮೂಗು ಮುಚ್ಕೊಂಡು ನಕ್ಕರು. ಸೊಳ್ಳೆ ಓಡಿಸ್ತಿದೀನಿ ಅಂದೆ. ಜೀಪು ನಿಲ್ಲಿಸಿ, ಡಬ್ಬ ಬಿಚ್ಚಿ, ಗೆರೆ ಮೀರಿದ್ದನ್ನ ಚೆಲ್ಲಿ, ಮತ್ತೆ ಕೂರಿಸಿದೆ. ಅಷ್ಟೇ ರಿಪೇರಿ. ಬೆಂಗಳೂರಿಂದ ಏನೂ ಬರ್ಬೇಕಾಗ್ಲಿಲ್ಲ.

ಅತ್ತಿಗುಂಡೀಲಿ ನಾನು ಇಳಿದಾಗ ಜನ ಎಲ್ಲ ಅಂಗಳದಲ್ಲಿ ನಿಂತಿದ್ರು. ಕಾರು ಮೊದಲು ಬಂತು ಅಂತ ಹೆಂಡತಿ ಶುರು ಮಾಡಿದಳು. ಬಂದು ಏನು ಮಾಡ್ತು, ಮಗೂನ ಡಿಕ್ಕೀಲಿ ಮಲಗಿಸಿದ್ರಾ ಅಂತ ಕೇಳಿ ತೊಟ್ಟಿಲು ಇಳಿಸಿದೆ. ಶಾಸ್ತ್ರ ಆಯ್ತು, ಊಟಕ್ಕೆ ಕೂತ್ವಿ. ಭಾವಮೈದನ ಪಕ್ಕದ ಎಲೆ ನಂದೇ. ತುಪ್ಪ ಹಾಕಿಸ್ಕೊಳ್ತಾ ನಾನು ಮಾತಾಡ್ತಾ ಹೋದೆ. ಫಿಲ್ಟರಿಲ್ಲದೆ ಗುಡ್ಡ ಇಳಿಯೋವಾಗ ಎಷ್ಟು ಧೂಳು ಒಳಗೆ ಹೋಗಬಹುದು, ಧೂಳು ಅಂದ್ರೆ ಉಪ್ಪುಕಾಗದ ಇದ್ದ ಹಾಗೆ, ಹೊಸ ಎಂಜಿನ್ನನ್ನ ಒಳಗಿಂದಲೇ ಉಜ್ಜಿಬಿಡತ್ತೆ. ಮೂಗಿನ ಪಾಠ ಹೇಳಿದ್ದು ಅವನೇ ಅಲ್ವಾ, ಬೇರೆಯೋರು ಹೆದರಿಸೋದೂ ಬೇಡವಾಗಿತ್ತು. ಅವನ ಹೋಳಿಗೆ ಎಲೇಲೇ ಉಳೀತು.

ವಾಪಸ್ ಹೊರಟಾಗ ಕಾರು ಅಕ್ಕನ ಮನೆ ಕೊಟ್ಟಿಗೇಲಿ, ಟಾರ್ಪಾಲಿನ ಕೆಳಗೆ. ಅವನು ಜೀಪಿನ ಹಿಂದಿನ ಸೀಟಲ್ಲಿ, ಕರವಸ್ತ್ರ ಮೂಗಿಗೆ ಹಿಡ್ಕೊಂಡು. ಹೆಂಡತಿ ಮುಂದೆ, ನನ್ನ ಪಕ್ಕ, ತಲೆ ತುಂಬ ಸೆರಗು ಹೊದ್ದುಕೊಂಡು ಕೂತಿದ್ದಳು. ಆ ತಿರುವು ಬಂತು. ಅವನು ಮೆಲ್ಲಗೆ, ಭಾವ, ಒಂಚೂರು ನಿಲ್ಲಿಸ್ತೀರಾ ಅಂದ.

ನಾನು ನಿಲ್ಲಿಸಿದೆ. ಬಿಳಿ ಪ್ಯಾಂಟ್ ಮೊಣಕಾಲ ತನಕ ಮಡಚಿ, ಕಾಫಿ ಗಿಡ ಹಿಡ್ಕೊಂಡು, ಜಾರ್ತಾ ಇಳಿದ. ನಾವಿಬ್ರೂ ಜೀಪಲ್ಲೇ ಕೂತು ನೋಡಿದ್ವಿ. ಒಂದೊಂದೇ ಗಿಡದ ಬುಡ ಬಗ್ಗಿ ಬಗ್ಗಿ ಹುಡುಕ್ತಿದ್ದ, ಬಿದ್ದ ಕಾಫಿ ಕಾಳು ಆಯೋ ಆಳಿನ ಹಾಗೆ. ಮೇಲಿನ ಗಿಡದಲ್ಲೂ ನೋಡು ಮಾರಾಯ, ಹಣ್ಣಾಗಿದ್ರೂ ಆಗಿರಬಹುದು ಅಂತ ನಾನು ಸಹಾಯ ಮಾಡಿದೆ. ಕೊನೆಗೆ ಸಿಕ್ತು. ಮೇಲೆ ಹತ್ತಿಬಂದು, ರಸ್ತೆ ಪಕ್ಕದ ಕಲ್ಲಿಗೆ ಅದನ್ನ ಮೆಲ್ಲಗೆ ಬಡೀತಾ, ಊದ್ತಾ ನಿಂತ. ಆಮೇಲೆ ಜೇಬಿಂದ ಅದೇ ಕರವಸ್ತ್ರ ತೆಗೆದು ನೆರಿಗೆ ಒರೆಸಿದ.

ಹೆಂಡತಿ ಅದನ್ನೆಲ್ಲ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ವಾಪಸ್ ದಾರೀಲಿ ಒಂದೇ ಮಾತು ಆಡಿದಳು.

"ನಾಳೆ ಸೀಮೆಎಣ್ಣೆ ಹಾಕಿ ತೊಳೆಯೋವಾಗ ಈ ಸೀಟನ್ನೂ ಒಂದ್ಸಲ ತೊಳೀರಿ. ಇನ್ನೂ ಎಷ್ಟು ವರ್ಷ ಇದರಲ್ಲೇ ಕೂರ್ಬೇಕೋ."